ಬ್ಲ್ಯಾಕ್ ಸಬಾತ್ ತಂಡದ ಮೊದಲ ಧ್ವನಿಸಂಪುಟ: ಒಂದು ವಿವೇಚನೆ

ಪಾಶ್ಚಾತ್ಯ ರಾಕ್ ಸಂಗೀತದ ಪ್ರಸ್ತಾಪ ಬಂದಾಗಲೆಲ್ಲ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಅದು ಬರಿಯ ಗದ್ದಲವೆಂಬುದು ಒಂದು. ಅದನ್ನು ಮೆಚ್ಚದವರು ಹಳೆಯ ಕಾಲದವರೆಂಬುದು ಇನ್ನೊಂದು. ಈ ಎರಡರಿಂದಲೂ ಯಾವ ಕೃತಿಯ ಬೆಲೆಯೂ ಗೊತ್ತಾಗದು. ಆದ್ದರಿಂದ ಒಂದೇ ಒಂದು ಸಂಪುಟವನ್ನು ತೆಗೆದುಕೊಂಡು, ಅದರಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ನನಗೆ ತೋರಿದಂತೆ ವಿಚಾರಮಾಡುತ್ತೇನೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ನಾಲ್ವರು ತರುಣರ ‘ಬ್ಲ್ಯಾಕ್ ಸಬಾತ್’ ತಂಡವು ಅದೇ ಹೆಸರಿನಲ್ಲಿ ಹೊರತಂದ ಮೊದಲ ಸಂಪುಟವಿದು. 1969ರ ಅಕ್ಟೋಬರಿನಲ್ಲಿ ಲಂಡನ್ನಿನ ಸ್ಟುಡಿಯೋ ಒಂದರಲ್ಲಿ ಹೆಚ್ಚುಕಡಿಮೆ ಒಂದೇ ದಿನದಲ್ಲಿ ನುಡಿಸಿ ಮುಗಿಸಿದ್ದು. 1970ರ ಫೆಬ್ರವರಿ 13ರ ಶುಕ್ರವಾರ ಮಾರಾಟಕ್ಕೆ ಬಂದದ್ದು. ಹದಿಮೂರನೆಯ ತಾರೀಖಿನ ಶುಕ್ರವಾರ ಅಲ್ಲಿಯವರಿಗೆ ಅಶುಭ. ಮಾರುವವರಿಗೆ ಅದೇ ಬೇಕಾಗಿತ್ತೆಂದು ಕಾಣುತ್ತದೆ! ತಂಡದ ಹೆಸರು ಒಂದು ಭಯಾನಕ ಚಲನಚಿತ್ರದಿಂದ ಬಂದದ್ದು. ಹೊದಿಕೆಯ ಮೇಲೆ ಹಳೆಯ ನೀರುಗಿರಣಿ, ಅದರ ಮುಂದೆ ಕಪ್ಪು ನಿಲುವಂಗಿಯ ಹೆಂಗಸು. ಒಳಪುಟದಲ್ಲಿ ತಲೆಕೆಳಗಾದ ಶಿಲುಬೆ. ಅದನ್ನು ಅಚ್ಚುಹಾಕಿಸಿದ್ದು ಕಂಪನಿ, ವಾದಕರನ್ನು ಕೇಳಿಯೂ ಇರಲಿಲ್ಲ. ಇವರಿಗೆ ಅಂಟಿದ ‘ಸೈತಾನನ ಭಕ್ತರು’ ಎಂಬ ಬಿರುದಿನಲ್ಲಿ ಅಂಗಡಿಯ ಅಲಂಕಾರವೇ ಬಹುಪಾಲು ಎಂದರೆ ತಪ್ಪಾಗದು.

ನಿಜವಾದ ಕಥೆ ಸೈತಾನನದಲ್ಲ, ಬೆರಳುಗಳದು. ಗಿಟಾರ್ ವಾದಕ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು. ಹದಿನೇಳನೆಯ ವಯಸ್ಸಿನಲ್ಲಿ, ಕೆಲಸ ಬಿಡಬೇಕೆಂದಿದ್ದ ಕೊನೆಯ ದಿನವೇ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವನು ಎಡಚ, ಆದ್ದರಿಂದ ತಂತಿ ಒತ್ತಬೇಕಾದದ್ದು ಆ ಬಲಗೈಯೇ. ಸುಟ್ಟಗಾಯದಿಂದ ಎರಡು ಬೆರಳು ಸೆಟೆದುಹೋಗಿದ್ದರೂ ಹೆಸರುವಾಸಿಯಾದ ಜ್ಯಾಂಗೋ ರೈನ್‌ಹಾರ್ಟ್ ಎಂಬ ವಾದಕನ ಮುದ್ರಿಕೆಯನ್ನು ಕಾರ್ಖಾನೆಯ ಮೇಲ್ವಿಚಾರಕನೊಬ್ಬ ತಂದು ಕೇಳಿಸಿದನಂತೆ. ಅಯೋಮಿ ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ. ಮೇಲೆ ತೊಗಲಿನ ಚೂರು ಅಂಟಿಸಿದ. ದಪ್ಪ ತಂತಿ ತೆಗೆದು ತೆಳುವಾದದ್ದನ್ನು ಬಿಗಿದ. ಹಲವು ಸ್ವರಗಳನ್ನು ಒಟ್ಟಿಗೆ ಒತ್ತುವುದು ಕಷ್ಟವಾದ್ದರಿಂದ ಎರಡು ಮೂರು ಸ್ವರಗಳನ್ನೇ ದಪ್ಪವಾಗಿ ಮೊಳಗಿಸುವುದನ್ನು ಕಲಿತ. ಈ ಸಂಪುಟದ ತೂಕ ಬಂದದ್ದು ಅಲ್ಲಿಂದ. ನಮ್ಮ ಮನೆಯ ಹಿರಿಯರು ಅಕ್ಕಿ ಗಿರಣಿಯಲ್ಲಿ ದುಡಿದವರಾದ್ದರಿಂದಲೋ ಏನೋ, ಈ ನಾದದಲ್ಲಿ ನನಗೆ ಮೊದಲು ಕೇಳಿಸಿದ್ದು ನರಕವಲ್ಲ, ಯಂತ್ರ.

ಇನ್ನು ಶೀರ್ಷಿಕೆಗೀತೆ. ಆರಂಭದ ಮಳೆ, ಗುಡುಗು, ಗಂಟೆಯ ಸದ್ದುಗಳು ಆಮೇಲೆ ಸೇರಿಸಿದವು, ಅವನ್ನು ಬಿಟ್ಟುಬಿಡೋಣ. ಗಿಟಾರ್ ನುಡಿಸುವುದು ಮೂರೇ ಸ್ವರ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಷಡ್ಜದಿಂದ ಹೊರಟು, ತಾರಷಡ್ಜಕ್ಕೆ ಹಾರಿ, ಪ್ರತಿಮಧ್ಯಮಕ್ಕೆ ಇಳಿದು, ಅಲ್ಲಿಯೇ ನಡುಗುತ್ತ ನಿಲ್ಲುತ್ತದೆ. ಈ ಅಂತರವನ್ನು ಯುರೋಪಿನಲ್ಲಿ ‘ಸಂಗೀತದಲ್ಲಿನ ಸೈತಾನ’ ಎಂದು ಕರೆದದ್ದುಂಟು. ಆದರೆ ನಮ್ಮ ಎಪ್ಪತ್ತೆರಡು ಮೇಳಕರ್ತ ರಾಗಗಳಲ್ಲಿ ಮೂವತ್ತಾರು ಪ್ರತಿಮಧ್ಯಮದವೇ ಅಲ್ಲವೆ? ಕಲ್ಯಾಣಿಯನ್ನು ಕೇಳಿ ಹೆದರಿದವರುಂಟೆ? ಹಾಗಾದರೆ ಭಯ ಸ್ವರದಲ್ಲಿಲ್ಲ. ಕಲ್ಯಾಣಿಯಲ್ಲಿ ಆ ಮಧ್ಯಮದ ಪಕ್ಕದಲ್ಲೇ ಪಂಚಮವಿದೆ. ಕಿವಿಗೆ ವಿಶ್ರಾಂತಿ ಸಿಗುತ್ತದೆಂಬ ಭರವಸೆಯಿದೆ. ಇಲ್ಲಿ ರಾಗದ ನಡೆ ಪಂಚಮಕ್ಕೆ ಸೇರುವುದೇ ಇಲ್ಲ. ಬಾಗಿಲವರೆಗೆ ಬಂದು ಒಳಗೆ ಕಾಲಿಡದೆ ನಿಂತವನಂತೆ ಇರುತ್ತದೆ. ಲಯವೂ ತೀರ ವಿಳಂಬ. ಇಷ್ಟು ಕಡಿಮೆ ಸಾಮಗ್ರಿಯಿಂದ ಇಷ್ಟು ಪರಿಣಾಮ ಸಾಧಿಸಿದ್ದು ಸಾಮಾನ್ಯ ಕೆಲಸವಲ್ಲ. ಸಂಪುಟದ ಶಿಖರ ಇದೇ.

ಡ್ರಮ್ ನುಡಿಸಿದ ಬಿಲ್ ವಾರ್ಡ್ ಜಾಜ್ ಕೇಳಿ ಬೆಳೆದವನು. ಗದ್ದಲದ ನಡುವೆಯೂ ಅವನ ಕೈಯಲ್ಲೊಂದು ತೂಗಾಟವಿದೆ. ‘ಎನ್.ಐ.ಬಿ.’ ಗೀತೆಯಲ್ಲಿ ಗೀಜರ್ ಬಟ್ಲರನ ಬೇಸ್ ಗಿಟಾರ್ ಒಂಟಿಯಾಗಿ ಆರಂಭಿಸುತ್ತದೆ. ಸ್ವತಃ ಸೈತಾನನೇ ಪ್ರೇಮದಲ್ಲಿ ಬಿದ್ದ ಕಥೆ, ಸ್ವಲ್ಪ ವಿನೋದವೂ ಇದೆ. ಆಜಿ ಆಸ್‌ಬೋರ್ನನ ಕಂಠ ಸಂಸ್ಕಾರ ಪಡೆದದ್ದಲ್ಲ. ಆದರೆ ಹೆದರಿದವನ ಕೂಗಿಗೆ ಸಂಸ್ಕಾರ ಬೇಕಿಲ್ಲ.

ದೋಷಗಳಿಲ್ಲವೆ? ಇವೆ. ಇಂಗ್ಲೆಂಡಿನ ಆವೃತ್ತಿಯ ಏಳು ಗೀತೆಗಳಲ್ಲಿ ‘ಈವಿಲ್ ವುಮನ್’, ‘ವಾರ್ನಿಂಗ್’ ಎರಡೂ ಬೇರೆ ತಂಡಗಳಿಂದ ಪಡೆದವು. ಮೊದಲನೆಯದು ಇವರ ಮೈಗೆ ಒಗ್ಗದ ಅಂಗಿ. ಎರಡನೆಯದು ಹತ್ತು ನಿಮಿಷ ದಾಟಿ ಎಳೆದಾಡುತ್ತದೆ. ಗಿಟಾರ್ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲೆಯುತ್ತದೆ. ಮತ್ತೊಂದು ದಿನ ಸಿಕ್ಕಿದ್ದರೆ ಅರ್ಧ ಕತ್ತರಿಸುತ್ತಿದ್ದರೋ ಏನೋ. ಅಂದಿನ ವಿಮರ್ಶಕರು ಇದನ್ನು ಹಳಿದರು. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್ ಬರೆದದ್ದು ಬಹಳ ಕಟುವಾಗಿತ್ತು. ಆದರೂ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಅದು ಎಂಟನೆಯ ಸ್ಥಾನಕ್ಕೇರಿತು. ಜನ ಕೊಂಡರೆಂದು ವಿಮರ್ಶಕರು ಸುಳ್ಳಾಗುವುದಿಲ್ಲ. ‘ವಾರ್ನಿಂಗ್’ ವಿಷಯದಲ್ಲಿ ನಾನು ಅವರ ಕಡೆಗೇ.

2025ರ ಜುಲೈ 5ರಂದು ನಾಲ್ವರೂ ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಕೊನೆಯ ಬಾರಿ ಕೂಡಿ ನುಡಿಸಿದರು. ಆಸ್‌ಬೋರ್ನ್ ಕುಳಿತೇ ಹಾಡಿದ. ಅದೇ ತಿಂಗಳ 22ರಂದು ತೀರಿಕೊಂಡ. ಆ ಸಂಜೆ ನುಡಿಸಿದ ನಾಲ್ಕು ಗೀತೆಗಳಲ್ಲಿ ಈ ಮೊದಲ ಸಂಪುಟದಿಂದ ಆರಿಸಿಕೊಂಡದ್ದು ಒಂದೇ, ‘ಎನ್.ಐ.ಬಿ.’ ಶೀರ್ಷಿಕೆಗೀತೆಯನ್ನು ಬಿಟ್ಟದ್ದೇಕೆಂದು ನನಗೆ ಇನ್ನೂ ಅರ್ಥವಾಗಿಲ್ಲ.