ಡಿಗ್ರಿಗೂ ವೀಸಾ ಬೇಕು: ಜರ್ಮನಿಗೆ ಹೊರಟವರಿಗೆ ಯಶಸ್ಸಿನ ಸೂತ್ರಗಳು

ಜರ್ಮನಿಗೆ ಹೋಗಿ ಕೆಲಸ ಮಾಡಬೇಕೆಂದು ತೀರ್ಮಾನಿಸಿದ್ದೀರಿ. ಸರಿಯಾದ ಹೊತ್ತಿಗೇ ತೀರ್ಮಾನಿಸಿದ್ದೀರಿ. 2024ರ ಅಕ್ಟೋಬರ್‌ನಲ್ಲಿ ಅಂದಿನ ಚಾನ್ಸಲರ್ ಓಲಾಫ್ ಶೋಲ್ಜ್ ದೆಹಲಿಗೆ ಬಂದಿದ್ದಾಗ ಒಂದು ಸುದ್ದಿ ಹೊರಬಿತ್ತು: ನುರಿತ ಭಾರತೀಯರಿಗೆ ವರ್ಷಕ್ಕೆ 20,000 ಇದ್ದ ವೀಸಾ ಇನ್ನು 90,000. ನಿಮಗೆ ವೀಸಾ ಸಿಗಬಹುದು. ಆದರೆ ನಿಮ್ಮ ಡಿಗ್ರಿಗೆ?

"ನಮ್ಮ ಸರ್ಟಿಫಿಕೇಟ್‌ಗೆ ಅಲ್ಲಿ ಬೆಲೆ ಇದೆಯೋ ಇಲ್ಲವೋ" ಎಂದು ಪಿಜಿ ರೂಮಿನಲ್ಲಿ ಕೂತು ಗೊಣಗುವ ಚಟ ಬಿಡಿ. ವಿದೇಶಿ ವಿದ್ಯಾರ್ಹತೆಯನ್ನು ಅಳೆದು ಉತ್ತರ ಕೊಡಬೇಕೆಂದು ಜರ್ಮನಿಯಲ್ಲಿ 2012ರಿಂದ ಕಾನೂನೇ ಇದೆ. ಅನುಮಾನಪಡುವ ಸಮಯದಲ್ಲಿ ಫೈಲ್ ರೆಡಿ ಮಾಡಿ.

1. ನಿಮ್ಮದು ಯಾವ ಗುಂಪು, ಮೊದಲು ತಿಳಿಯಿರಿ.

ನರ್ಸ್, ಡಾಕ್ಟರ್, ಫಾರ್ಮಸಿಸ್ಟ್ ಇವೆಲ್ಲ ರೆಗ್ಯುಲೇಟೆಡ್ ವೃತ್ತಿಗಳು. ಮಾನ್ಯತೆ ಸಿಗುವವರೆಗೆ ಆ ಹೆಸರಿನಲ್ಲಿ ಕೆಲಸ ಮಾಡುವಂತಿಲ್ಲ. ಸಾಫ್ಟ್‌ವೇರ್, ಫೈನಾನ್ಸ್, ಮಾರ್ಕೆಟಿಂಗ್ ಹಾಗಲ್ಲ. ಕಂಪನಿ ಒಪ್ಪಿದರೆ ಸಾಕು, ಡಿಗ್ರಿಯ ಹೋಲಿಕೆ ಬೇಕಾಗುವುದು ವೀಸಾಕ್ಕೆ. ಎಂಜಿನಿಯರ್‌ಗಳು ನಡುವೆ ನಿಲ್ಲುತ್ತಾರೆ. ಕೆಲಸಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಆದರೆ 'ಇಂಜಿನಿಯರ್' ಎಂದು ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿಕೊಳ್ಳಲು ಆಯಾ ರಾಜ್ಯದ ಎಂಜಿನಿಯರ್‌ಗಳ ಚೇಂಬರ್ ಒಪ್ಪಬೇಕು. ಮೊದಲ ಸೆಮಿಸ್ಟರ್‌ನಲ್ಲೇ ಬೈಕಿಗೆ ಆ ಸ್ಟಿಕರ್ ಅಂಟಿಸುವ ಊರಿನವರಿಗೆ ಇದು ವಿಚಿತ್ರ ಅನಿಸಬಹುದು. ಅನಿಸಲಿ, ಪಾಲಿಸಿ.

ಐಟಿಐ ಅಥವಾ ಡಿಪ್ಲೊಮಾ ಓದಿದವರು ಕೈಚೆಲ್ಲಿ ಕೂರಬೇಡಿ. ಉದ್ಯಮ, ವಾಣಿಜ್ಯದ ಹಲವಾರು ಟ್ರೇಡ್‌ಗಳ ಅರ್ಜಿ ನೋಡಲು ನ್ಯೂರೆಂಬರ್ಗ್‌ನಲ್ಲಿ ಐಎಚ್‌ಕೆ ಫೋಸಾ ಎಂಬ ಕೇಂದ್ರವೇ ಇದೆ.

2. ಅನಾಬಿನ್ ತೆರೆಯಿರಿ. ಇವತ್ತೇ.

ಇದು ವಿದೇಶಿ ವಿಶ್ವವಿದ್ಯಾಲಯಗಳ, ಪದವಿಗಳ ಜರ್ಮನ್ ಡೇಟಾಬೇಸ್. ಉಚಿತ. ಕಾಲೇಜಿನ ಹೆಸರು ಹಾಕಿ ಸಿಗಲಿಲ್ಲವೆಂದು ಗಾಬರಿಯಾಗಬೇಡಿ, ಪದವಿ ಕೊಟ್ಟದ್ದು ವಿಶ್ವವಿದ್ಯಾಲಯ. ಹಾಸನದಲ್ಲಿ ಓದಿರಲಿ, ಬಳ್ಳಾರಿಯಲ್ಲಿ ಓದಿರಲಿ, ಸರ್ಟಿಫಿಕೇಟ್ ವಿಟಿಯುದಾದರೆ ಹುಡುಕಬೇಕಾದ್ದು ವಿಟಿಯು. ಸಂಸ್ಥೆಯ ಮುಂದೆ 'ಎಚ್ ಪ್ಲಸ್' ಇರಬೇಕು, ಅಂದರೆ ಮಾನ್ಯತೆ ಪಡೆದ ಸಂಸ್ಥೆ. ಪದವಿಯ ಮುಂದೆ 'ಎಂಟ್‌ಶ್‌ಪ್ರಿಖ್ಟ್' (ಹೊಂದುತ್ತದೆ) ಅಥವಾ 'ಗ್ಲೈಶ್‌ವೆರ್ಟಿಗ್' (ಸಮಾನ) ಎಂದಿರಬೇಕು. ಎರಡೂ ಪುಟ ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿ. ಪದವಿ ಪಟ್ಟಿಯಲ್ಲಿ ಇಲ್ಲವೇ? ಬಾನ್‌ನಲ್ಲಿರುವ ಝಡ್‌ಎಬಿ ಕಚೇರಿಗೆ 208 ಯೂರೊ ಕಟ್ಟಿ, ಹೋಲಿಕೆ ಪತ್ರ ತರಿಸಿಕೊಳ್ಳಿ.

3. ಎಲ್ಲ ಕಾಗದದಲ್ಲೂ ಒಬ್ಬರೇ ಆಗಿ.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಕೆ. ಎಸ್.' ಡಿಗ್ರಿಯಲ್ಲಿ 'ಕೆ. ಎಸ್. ಮಂಜುನಾಥ್.' ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರ ಹೆಸರು, ಅಪ್ಪನ ಹೆಸರು ಎಲ್ಲ ಹಾಕಿದ್ದಾಯಿತು, ಅದರಲ್ಲಿ ಅಪ್ಪನ ಹೆಸರೇ ಸರ್‌ನೇಮ್ ಆಗಿ ಕೂತಿದೆ. ನಮಗೆ ಮೂವರೂ ಒಬ್ಬನೇ. ಹ್ಯಾನೋವರ್‌ನ ಗುಮಾಸ್ತೆಗೆ ಮೂವರು ಬೇರೆ ಬೇರೆ. ಮದುವೆಯ ನಂತರ ಗಂಡನ ಹೆಸರು ಸೇರಿಸಿಕೊಂಡವರಿಗೆ ನಾಲ್ಕನೆಯದೂ ಉಂಟು. ಕಚೇರಿಯಿಂದ ಪ್ರಶ್ನೆ ಬರುವವರೆಗೆ ಕಾಯಬೇಡಿ. ಎಲ್ಲ ರೂಪಗಳನ್ನೂ ಹೆಸರಿಸಿ, ಇವೆಲ್ಲ ಒಬ್ಬರೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ. ಮದುವೆ ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಜೊತೆಗಿಡಿ.

4. ಅಂಕ ಅಲ್ಲ, ಗಂಟೆ ತೋರಿಸಿ.

ನರ್ಸಿಂಗ್ ಓದಿದವರೇ, ಈ ಸೂತ್ರವನ್ನು ಎರಡು ಸಲ ಓದಿ. ಜರ್ಮನಿಯ ನರ್ಸಿಂಗ್ ತರಬೇತಿ ಎಂದರೆ ಕನಿಷ್ಠ 2,100 ಗಂಟೆ ಥಿಯರಿ, 2,500 ಗಂಟೆ ಪ್ರಾಕ್ಟಿಕಲ್. ಅಧಿಕಾರಿ ನಿಮ್ಮ ಕಾಗದಗಳನ್ನು ಇದರ ಪಕ್ಕದಲ್ಲಿಟ್ಟು ನೋಡುತ್ತಾರೆ. ಡಿಸ್ಟಿಂಕ್ಷನ್ ಬಂದಿದೆ, ಚಿನ್ನದ ಪದಕ ಬಂದಿದೆ ಎಂಬುದು ಅವರಿಗೆ ಬೇಡ. ಮಕ್ಕಳ ವಾರ್ಡಿನಲ್ಲಿ ಎಷ್ಟು ಗಂಟೆ? ಸೈಕಿಯಾಟ್ರಿಯಲ್ಲಿ ಎಷ್ಟು? ಅದು ಬೇಕು. ಬರೀ ಅಂಕಪಟ್ಟಿ ಕಳಿಸಿದರೆ ನೀವು ನಿಜಕ್ಕೂ ಮಾಡಿದ ಪೋಸ್ಟಿಂಗ್ ಕೂಡ ಕೊರತೆಯ ಕಾಲಮ್ಮಿಗೆ ಬೀಳಬಹುದು. ಹಾಗಾಗಿ ಕಾಲೇಜಿಗೆ ಹೋಗಿ ವಿಷಯವಾರು, ವಾರ್ಡುವಾರು ಗಂಟೆಗಳಿರುವ ಟ್ರಾನ್ಸ್‌ಕ್ರಿಪ್ಟ್ ಕೇಳಿ. "ಪ್ರಿನ್ಸಿಪಾಲ್ ರಜೆ, ನಾಳೆ ಬನ್ನಿ" ಎನ್ನುತ್ತಾರೆ. ನಾಳೆ ಹೋಗಿ. ನಾಡಿದ್ದೂ ಹೋಗಿ.

ಅನುಭವಕ್ಕೂ ಇಲ್ಲಿ ಬೆಲೆಯಿದೆ, ಓದಿನಲ್ಲಿದ್ದ ಕೊರತೆಯನ್ನು ಅದು ತುಂಬಬಲ್ಲದು. ಆದರೆ ನಮ್ಮ ಆಸ್ಪತ್ರೆಗಳ ಎಕ್ಸ್‌ಪೀರಿಯನ್ಸ್ ಲೆಟರ್ ನೋಡಿದ್ದೀರಲ್ಲ? "ಇವರು ನಮ್ಮಲ್ಲಿ ಸ್ಟಾಫ್ ನರ್ಸ್ ಆಗಿದ್ದರು, ನಡತೆ ಉತ್ತಮ, ಭವಿಷ್ಯ ಉಜ್ವಲವಾಗಲಿ." ಆ ಹಾರೈಕೆಯಿಂದ ಜರ್ಮನಿಯಲ್ಲಿ ಅರ್ಧ ಗಂಟೆಯೂ ಜಮೆಯಾಗದು. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ, ಈ ವಾರ್ಡ್, ಇಷ್ಟು ಬೆಡ್, ವಾರಕ್ಕೆ ಇಷ್ಟು ಗಂಟೆ, ಮಾಡಿದ ಕೆಲಸಗಳು ಇವು ಎಂದು ಡ್ರಾಫ್ಟ್ ನೀವೇ ಟೈಪ್ ಮಾಡಿ ಕೊಂಡೊಯ್ಯಿರಿ. ಎಚ್‌ಆರ್‌ಗೆ ಸಹಿ ಹಾಕುವ ಕೆಲಸವಷ್ಟೇ ಉಳಿಯಲಿ.

5. ಅಪೋಸ್ಟಿಲ್ ಏಜೆಂಟ್‌ಗೆ ದುಡ್ಡು ಕೊಡುವ ಮೊದಲು ಕೇಳಿ.

ಅಪೋಸ್ಟಿಲ್ ಎಂದರೆ ದಾಖಲೆ ಅಸಲಿ ಎಂದು ಹೊರದೇಶಕ್ಕೆ ತೋರಿಸುವ ಮುದ್ರೆ. ಅದರ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿತು. ಜರ್ಮನಿ ಅದಕ್ಕೆ ಆಕ್ಷೇಪ ಎತ್ತಿತು. ಹೀಗಾಗಿ ಈ ಎರಡು ದೇಶಗಳ ನಡುವೆ ಆ ಒಪ್ಪಂದ ಅನ್ವಯಿಸುವುದಿಲ್ಲ. ಆದರೂ ಬೋರ್ಡ್ ಹಾಕಿಕೊಂಡ ಏಜೆಂಟ್ ಎಲ್ಲ ಮಾರ್ಕ್ಸ್ ಕಾರ್ಡಿಗೂ ಅಪೋಸ್ಟಿಲ್ ಹಾಕಿಸಿ ಎನ್ನುತ್ತಾನೆ. ನಿಮ್ಮ ಅರ್ಜಿ ನೋಡುವ ಕಚೇರಿಗೆ ನೇರವಾಗಿ ಇಮೇಲ್ ಹಾಕಿ, ಯಾವ ದೃಢೀಕರಣ ಬೇಕೆಂದು ಲಿಖಿತ ಉತ್ತರ ಪಡೆಯಿರಿ. ಉಳಿದ ದುಡ್ಡನ್ನು ಅನುವಾದಕ್ಕೆ ಹಾಕಿ. ಅದನ್ನು ಅಧಿಕೃತವಾಗಿ ಪ್ರಮಾಣ ಸ್ವೀಕರಿಸಿದ ಅನುವಾದಕರಿಂದಲೇ ಮಾಡಿಸಬೇಕು, ಜರ್ಮನ್ ಕಲಿತ ಕಸಿನ್‌ನಿಂದಲ್ಲ.

6. ರಾಜ್ಯ ಆರಿಸಿ, ಆಮೇಲೆ ಅರ್ಜಿ.

ನರ್ಸ್‌ಗಳ, ಡಾಕ್ಟರ್‌ಗಳ ಮಾನ್ಯತೆ ರಾಜ್ಯಗಳ ಕೈಯಲ್ಲಿದೆ. ಬವೇರಿಯಾದ ಚೆಕ್‌ಲಿಸ್ಟ್ ಬೇರೆ, ಹೆಸೆನ್‌ದು ಬೇರೆ. ಗೆಳತಿಯ ಲಿಸ್ಟ್ ಕಾಪಿ ಮಾಡಬೇಡಿ.

7. ಭಾಷೆಯನ್ನು ಫೈಲಿನ ಜೊತೆಯಲ್ಲೇ ಓಡಿಸಿ.

"ಪೇಪರ್ ವರ್ಕ್ ಮುಗಿಯಲಿ, ಆಮೇಲೆ ಜರ್ಮನ್" ಎನ್ನುವವರು ಎರಡರಲ್ಲೂ ಹಿಂದೆ ಬೀಳುತ್ತಾರೆ. ನರ್ಸ್‌ಗಳಿಗೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಡಾಕ್ಟರ್‌ಗಳಿಗೆ ಅದರ ಮೇಲೆ ಸಿ1 ಮಟ್ಟದ ವೈದ್ಯಕೀಯ ಭಾಷಾ ಪರೀಕ್ಷೆ: ರೋಗಿಯೊಂದಿಗೆ ಮಾತು, ರಿಪೋರ್ಟ್ ಬರವಣಿಗೆ, ಇನ್ನೊಬ್ಬ ಡಾಕ್ಟರ್ ಜೊತೆ ಚರ್ಚೆ. ಬೆಂಗಳೂರಿನವರಿಗೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ ಇದೆ. ದೂರದವರು ಆನ್‌ಲೈನ್ ಬ್ಯಾಚ್ ಹಿಡಿಯಿರಿ. 2024ರ ಮಾರ್ಚ್‌ನಿಂದ ಇನ್ನೊಂದು ದಾರಿಯೂ ತೆರೆದಿದೆ: ಕನಿಷ್ಠ ಎ2 ಭಾಷೆ ಮತ್ತು ಕೆಲಸದ ಕಾಂಟ್ರಾಕ್ಟ್ ಇದ್ದರೆ, ಅಲ್ಲಿಗೆ ಹೋಗಿ ಕೆಲಸ ಮಾಡುತ್ತಲೇ ಮಾನ್ಯತೆ ಪಡೆಯುವ 'ರೆಕಗ್ನಿಷನ್ ಪಾರ್ಟ್‌ನರ್‌ಶಿಪ್'. ನನ್ನನ್ನು ಕೇಳಿದರೆ, ಆ ದಾರಿ ಹಿಡಿಯುವವರೂ ಬಿ1 ಮುಗಿಸಿಯೇ ವಿಮಾನ ಹತ್ತಿ. ಡ್ಯೂಟಿ ಮುಗಿಸಿ ಬಂದು ವ್ಯಾಕರಣ ಓದುವುದು ಸುಲಭವಲ್ಲ.

8. ಡೆಫಿಸಿಟ್ ಲೆಟರ್ ಬಂತೇ? ಅಳಬೇಡಿ, ಓದಿ.

ಅದು ತಿರಸ್ಕಾರ ಅಲ್ಲ, ಬಾಕಿ ಪಟ್ಟಿ. ಏನು ಕಡಿಮೆ ಎಂದು ಅದರಲ್ಲೇ ಬರೆದಿರುತ್ತದೆ. ನರ್ಸ್‌ಗಳಿಗೆ ಎರಡು ಆಯ್ಕೆ: ಅಡಾಪ್ಟೇಷನ್ ಕೋರ್ಸ್, ಇಲ್ಲವೇ ಮೌಖಿಕ ಮತ್ತು ಪ್ರಾಕ್ಟಿಕಲ್ ಪರೀಕ್ಷೆ. ಇತ್ತೀಚೆಗೆ ಓದು ಮುಗಿಸಿದವರು ಪರೀಕ್ಷೆ ತೆಗೆದುಕೊಳ್ಳಿ, ಬೇಗ ಮುಗಿಯುತ್ತದೆ. ಬೆಡ್‌ಸೈಡ್ ಬಿಟ್ಟು ವರ್ಷಗಳಾಗಿದ್ದರೆ ಕೋರ್ಸ್ ಒಳ್ಳೆಯದು. ಎರಡರಲ್ಲೂ ನಮ್ಮವರು ತಡವರಿಸುವುದು ಇಂಜೆಕ್ಷನ್‌ನಲ್ಲಲ್ಲ, ಸ್ನಾನದಲ್ಲಿ. ಇಲ್ಲಿ ರೋಗಿಗೆ ಮೈ ತೊಳೆಸುವುದು, ಊಟ ಮಾಡಿಸುವುದು ಆಯಾ ಅಥವಾ ಮನೆಯವರ ಪಾಲು. ಅಲ್ಲಿ ಅದು ನರ್ಸಿಂಗ್‌ನ ಅಡಿಪಾಯ, ಪರೀಕ್ಷಕರು ಅದನ್ನೂ ನೋಡುತ್ತಾರೆ. "ಇಷ್ಟು ಓದಿ ಇದನ್ನಾ?" ಎಂಬ ಬಿಂಕ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೇ ಬಿಟ್ಟು ಹೋಗಿ.

9. ಆಫರ್ ಲೆಟರ್‌ಗೆ ಸಹಿ ಹಾಕುವ ಮುನ್ನ ಪ್ರಶ್ನೆ ಕೇಳಿ.

ಅನುವಾದದ ಖರ್ಚು ಯಾರದು? ಮಾನ್ಯತೆ ಬರುವವರೆಗೆ ಅಸಿಸ್ಟೆಂಟ್ ಸಂಬಳ ಎಷ್ಟು, ಬಂದ ತಿಂಗಳಿನಿಂದ ಎಷ್ಟು? ನಡುವೆ ಕೆಲಸ ಬಿಟ್ಟರೆ ಎಷ್ಟು ವಾಪಸ್ ಕಟ್ಟಬೇಕು? ಫಾಸ್ಟ್ ಟ್ರ್ಯಾಕ್ ಹಾಕುತ್ತೀರಾ? ಈ ಕೊನೆಯ ಪ್ರಶ್ನೆ ಮರೆಯಬೇಡಿ. ನಿಮ್ಮ ಪರವಾಗಿ ಮಾಲೀಕರೇ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ 411 ಯೂರೊ ಕಟ್ಟಿ ಅರ್ಜಿ ಹಾಕಿದರೆ, ಪೂರ್ಣ ಕಾಗದ ಸೇರಿದ ಮೇಲೆ ಮಾನ್ಯತೆಯ ತೀರ್ಮಾನಕ್ಕೆ ಎರಡು ತಿಂಗಳ ಗಡುವು ಬೀಳುತ್ತದೆ. ಇಷ್ಟು ಕೇಳಿದರೆ ಆಫರ್ ಹೋದೀತೆಂಬ ಭಯ ಬೇಡ, ಅವರಿಗೂ ಜನ ಬೇಕಾಗಿದ್ದಾರೆ. ಉತ್ತರ ಇಮೇಲ್‌ನಲ್ಲಿ ಬರಲಿ, ವಾಟ್ಸಾಪ್ ವಾಯ್ಸ್ ನೋಟ್‌ನಲ್ಲಲ್ಲ. ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡುವುದು ಪಾಸ್‌ಪೋರ್ಟಿನಲ್ಲಿ ವೀಸಾ ಅಂಟಿದ ಮೇಲೆ.