ಗುಂಡಿ ಒತ್ತೋ ಮೊದಲು ನೀನೇ ಕೂಗು

ನೋಡು ಮಗನೇ, ಕೂಸಿಗೆ ಪುಸ್ತಕ ತರಿಸಿದ್ದೀಯ, ಸಂತೋಷ. ಗುಂಡಿ ಒತ್ತಿದರೆ ಹಸು ಕೂಗುತ್ತೆ, ಮಡಿಕೆ ಎತ್ತಿದರೆ ಅಡಿಯಲ್ಲಿ ಮೂರು ಬಾತುಮರಿ ಕಾಣುತ್ತೆ. ಎರಡು ವರ್ಷದ ಕೂಸಿನ ಕೈಗೆ ಮೊಬೈಲು ತುರುಕದೆ ಪುಸ್ತಕ ಕೊಟ್ಟೆಯಲ್ಲ, ಅದಕ್ಕೇ ನಿನಗೆ ಅರ್ಧ ಮಾರ್ಕು ಬಂದಾಯಿತು. ಉಳಿದರ್ಧದ ಮಾತು ಈಗ ಹೇಳುತ್ತೇನೆ, ಮುಖ ಊದಿಸಿಕೊಳ್ಳಬೇಡ.

ನಿನ್ನದು ಹುಟ್ಟುಗುಣದ ಅವಸರ. ಸಿಪ್ಕಾಟಿನ ಕಾರ್ಖಾನೆಯಲ್ಲಿ ಶಿಫ್ಟು ಮುಗಿಸಿ ಬರುತ್ತೀಯ, ಕೂಸನ್ನು ಚಾಪೆ ಮೇಲೆ ಕೂರಿಸುತ್ತೀಯ, ಪುಸ್ತಕ ಎದುರಿಗಿಟ್ಟು ನೀನು ಫೋನು ಹಿಡಿಯುತ್ತೀಯ. ಗುಂಡಿ ಕೂಗುತ್ತೆ, ಕೂಸು ನಗುತ್ತೆ, ಪಾಠ ಆಯಿತು ಅಂತ ನಿನ್ನ ಲೆಕ್ಕ. ಎಲ್ಲಿ ಆಯಿತಪ್ಪ? ನೀನು ಬಾಯಿ ಬಿಟ್ಟಾಗ ಅದು ನಿನ್ನ ತುಟಿಯನ್ನೇ ಎವೆಯಿಕ್ಕದೆ ನೋಡುತ್ತಲ್ಲ, ಮಾತು ಕಲಿಯೋದು ಅಲ್ಲಿ. ಅಮೆರಿಕದಲ್ಲಿ ಅನ್ನಾ ಸೋಸಾ ಅನ್ನೋ ಸಂಶೋಧಕಿ 26 ಕೂಸುಗಳು ಅಪ್ಪ ಅಮ್ಮನ ಜೊತೆ ಆಡೋವಾಗ ಮನೆಯಲ್ಲಿ ಕೇಳಿಬಂದ ಮಾತನ್ನೆಲ್ಲ ರೆಕಾರ್ಡು ಮಾಡಿ, 2016ರಲ್ಲಿ ಪ್ರಕಟಿಸಿದರು. ಬ್ಯಾಟರಿ ಆಟಿಕೆ ಸದ್ದು ಮಾಡುತ್ತಿದ್ದಾಗ ದೊಡ್ಡವರ ಮಾತು ಕಡಿಮೆಯಾಗುತ್ತಿತ್ತು. ಬರೀ ಕಾಗದದ ಪುಸ್ತಕ ಹಿಡಿದಾಗ ಅವರೂ ಹೆಚ್ಚು ಮಾತಾಡಿದರು, ಕೂಸೂ ಹೆಚ್ಚು ತೊದಲಿತು. ಆ ಆಟಿಕೆಗಳಲ್ಲಿ ಪ್ರಾಣಿಗಳ ಹೆಸರು ಹೇಳೋ ಆಟದ ಫಾರಂ ಕೂಡ ಇತ್ತು.

ಪ್ರಾಣಿ ಕೂಗಿಸಿ ಪಾಠ ಹೇಳೋದು ಹೊಸದೇನಲ್ಲ. 1658ರಲ್ಲೇ ಕೊಮೇನಿಯಸ್ ಅನ್ನೋ ಮೇಷ್ಟ್ರು ಮಕ್ಕಳಿಗಾಗಿ ‘ಓರ್ಬಿಸ್ ಪಿಕ್ಟಸ್’ ಚಿತ್ರಪುಸ್ತಕ ತಂದರು. ಅದರಲ್ಲಿ ಅಕ್ಷರ ಕಲಿಸೋದೇ ಕಾಗೆ, ಕುರಿಮರಿಗಳ ಕೂಗಿನಿಂದ. ಆಗ ಬ್ಯಾಟರಿ ಎಲ್ಲಿತ್ತು? ಮೇಷ್ಟ್ರೇ ಕಾ ಕಾ ಅನ್ನಬೇಕಿತ್ತು.

ನೀನೂ ಹಾಗೇ ಮಾಡು. ಕೂಸನ್ನು ತೊಡೆ ಮೇಲೆ ಕೂರಿಸಿಕೋ. ಚಿತ್ರ ತೋರಿಸಿ ‘ಇದ್ಯಾರು?’ ಅಂತ ಕೇಳು, ಕೇಳಿದ ಮೇಲೆ ಸುಮ್ಮನಿರು. ನಿನಗೆ ಕಷ್ಟ ಅಂತ ಗೊತ್ತು, ಆದರೂ ಸುಮ್ಮನಿರು. ಕೂಸಿಗೆ ನೆನಪು ಮಾಡಿಕೊಂಡು ನಾಲಿಗೆ ಹೊರಳಿಸೋಕೆ ಹೊತ್ತು ಹಿಡಿಯುತ್ತೆ. ನಾಯಿ ಚಿತ್ರ ನೋಡಿ ‘ಬೂ’ ಅಂತು ಅನ್ನು, ತಿದ್ದೋಕೆ ಹೋಗಬೇಡ. ‘ಹೂಂ, ಬೌ ಬೌ! ಎದುರುಮನೆ ಕರಿನಾಯಿ, ಬಾಲ ಆಡಿಸುತ್ತಲ್ಲ, ಅದು’ ಅಂತ ಅದರ ಮಾತಿಗೆ ನಿನ್ನ ಮಾತು ಸೇರಿಸು. ಗುಂಡಿ ಆಮೇಲೆ ಒತ್ತಲಿ. ಅದೇ ಪುಟ ಮತ್ತೆ ಮತ್ತೆ ತೆಗೆದರೆ ಬೇಸರಪಡಬೇಡ, ಗಟ್ಟಿಯಾಗೋದೇ ಹಾಗೆ.

ಪುಸ್ತಕ ಮುಚ್ಚಿದ ಮೇಲೆ ಹೊರಗೂ ಕರಕೊಂಡು ಹೋಗು. ಹೊಸೂರಲ್ಲಿ ಪ್ರಾಣಿಗೇನು ಬರ? ಮತ್ತಿಗಿರಿಯ ದನದ ಫಾರಂ 1824ರಿಂದ ಇದೆ. ಭಾನುವಾರ ಆ ಕಡೆ ಗಾಡಿ ತಿರುಗಿಸಿ, ಮೇಯೋ ಹಸು ಕಂಡಲ್ಲಿ ನಿಲ್ಲಿಸು. ಅಂಬಾ ಅನ್ನೋ ಮುಂಚೆ ಅದರ ಕತ್ತು ಹೇಗೆ ಚಾಚುತ್ತೆ, ಹೊಟ್ಟೆ ಹೇಗೆ ಒಳಕ್ಕೆ ಹೋಗುತ್ತೆ, ಕೂಸು ಕಣ್ಣಾರೆ ನೋಡಲಿ. ತಳಿ, ಡೆಂಕಣಿಕೋಟೆ ಕಡೆ ರಾಗಿ ಕೊಯ್ಲಿನ ಹೊತ್ತಿಗೆ ಬನ್ನೇರುಘಟ್ಟದ ಕಾಡಿಂದ ಆನೆ ಹಿಂಡು ಇಳಿಯುತ್ತೆ. ಅಲ್ಲಿನ ಮಕ್ಕಳು ಕೊಂಬೆ ಲಟಕ್ಕೆಂದರೆ ಸಾಕು, ಆನೆ ಅಂತ ಕಿವಿ ನಿಮಿರಿಸುತ್ತವೆ. ಹಾಗಂತ ಕೂಸನ್ನು ಎತ್ತಿಕೊಂಡು ಆನೆ ನೋಡೋಕೆ ಹೊರಟುಬಿಟ್ಟೀಯ, ನಿನ್ನನ್ನು ನಂಬೋ ಹಾಗಿಲ್ಲ!

ನಮ್ಮ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಓಡಾಡುತ್ತವೆ. ಸ್ಕೂಲಿಗೆ ಸೇರಿದರೆ ತಮಿಳುನಾಡಿನ 2006ರ ಕಾಯ್ದೆಯಂತೆ ತಮಿಳು ಕಲಿತೇ ಕಲಿಯುತ್ತೆ, ಚೆನ್ನಾಗಿ ಕಲಿಯಲಿ. ಕನ್ನಡ ಮಾತ್ರ ನಿನ್ನ ಮಡಿಲಲ್ಲೇ ಆಗಬೇಕು. ಪುಸ್ತಕದೊಳಗಿನ ದನಿ ಇಂಗ್ಲಿಷು ಹೇಳಿದರೆ ಹೇಳಿಕೊಳ್ಳಲಿ, ನೀನು ಕನ್ನಡದಲ್ಲಿ ಕತೆ ಕಟ್ಟು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಿಂದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನು ಪುಕ್ಕಟೆ ಕೊಡುತ್ತಿದೆ. ಚೆನ್ನೈನ ತೂಲಿಕಾದಲ್ಲಿ ಎರಡು ಭಾಷೆ ಜೊತೆಗಿರೋ ಪುಸ್ತಕವೂ ಸಿಗುತ್ತೆ. ತರಿಸು.

ಇನ್ನು ಎಣಿಕೆ. ಒಂದರಿಂದ ಹತ್ತು ಒಪ್ಪಿಸಿತು ಅಂತ ವಿಡಿಯೋ ಮಾಡಿ ನೆಂಟರಿಗೆಲ್ಲ ಕಳಿಸಿದೆ. ಒಂದು ಕೆಲಸ ಮಾಡು: ಐದಾರು ಚಮಚ ಮುಂದಿಟ್ಟು ‘ಮೂರು ಕೊಡು’ ಅನ್ನು. ಎರಡೂ ಕೈಯಲ್ಲಿ ಬಾಚಿ ಕೊಡುತ್ತೆ! ದಡ್ಡತನ ಅಲ್ಲ ಅದು. ಕರೆನ್ ವಿನ್ ಅನ್ನೋರು 1990ರ ಆಸುಪಾಸಿನಲ್ಲಿ ಮಕ್ಕಳಿಗೆ ಹೀಗೇ ಕೇಳಿ ನೋಡಿದ್ದರು. ಬಾಯಿಪಾಠ ಮೊದಲು ಬರುತ್ತೆ. ಒಂದು ಅಂದರೆ ಎಷ್ಟು ಅಂತ ಆಮೇಲೆ, ಎರಡು ಅಂದರೆ ಎಷ್ಟು ಅಂತ ಇನ್ನೆಷ್ಟೋ ತಿಂಗಳ ಮೇಲೆ, ಹೀಗೆ ಒಂದೊಂದೇ ಹೊಳೆಯುತ್ತಾ ಹೋಗುತ್ತೆ. ಬಾತುಮರಿ ಎಣಿಸೋವಾಗ ಒಂದೊಂದರ ಮೇಲೂ ಬೆರಳಿಟ್ಟು ಎಣಿಸಿ, ಕೊನೆಗೆ ‘ಒಟ್ಟು ಮೂರು’ ಅಂತ ಕೈ ಸುತ್ತಿ ತೋರಿಸು. ತಟ್ಟೆಯ ಇಡ್ಲಿ, ಬಾಗಿಲ ಚಪ್ಪಲಿ, ಮೆಟ್ಟಿಲು, ಯಾವುದಾದರೂ ಆದೀತು. ನಾನು ನಿನಗೆ ಎಣಿಸೋಕೆ ಕಲಿಸಿದ್ದು ನಿನ್ನದೇ ಬೆರಳಿಂದ. ಅಂಗೈ ಬಿಡಿಸಿ ಒಂದೊಂದೇ ಬೆರಳು ಮಡಿಸುತ್ತಾ, ಐದೂ ಮುಗಿದ ಮೇಲೆ ಮೊಣಕೈ ದಾಟಿ ಕಂಕುಳವರೆಗೆ ಇರುವೆ ಹತ್ತಿಸುತ್ತಿದ್ದೆ. ನಾಲ್ಕನೇ ಬೆರಳಿಗೇ ನಗೋಕೆ ಶುರು ಮಾಡುತ್ತಿದ್ದೆ ನೀನು, ಮುಂದೆ ಏನು ಬರುತ್ತೆ ಅಂತ ಗೊತ್ತಿತ್ತಲ್ಲ!

ಇದೊಂದನ್ನು ಮಾತ್ರ ತಮಾಷೆ ಮಾಡದೆ ಕೇಳು. ಆ ಪುಸ್ತಕದ ಬೆನ್ನಲ್ಲಿ ಅಂಗಿ ಗುಂಡಿಯಷ್ಟೇ ಇರೋ ಬ್ಯಾಟರಿ ಇದೆ. ಕೂಸು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟುಬಿಡಬಹುದು. ಸದ್ದು ನಿಂತ ಹಳೇ ಸೆಲ್ಲಿನಲ್ಲೂ ಅಷ್ಟು ಕರೆಂಟು ಉಳಿದಿರುತ್ತೆ. ಇಂಥ ಬ್ಯಾಟರಿಯ ಮುಚ್ಚಳ ಮಕ್ಕಳ ಕೈಗೆ ಬಿಚ್ಚದ ಹಾಗಿರಬೇಕು ಅಂತ ಅಮೆರಿಕ 2022ರಲ್ಲಿ ಕಾನೂನೇ ಮಾಡಿತು. ಹಳೇ ಸೆಲ್ಲನ್ನು ಟೇಪು ಸುತ್ತಿ ಕೈಗೆ ಸಿಗದ ಹಾಗೆ ಬಿಸಾಕು. ನುಂಗಿರಬಹುದು ಅಂತ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸುತ್ತಾ ಕೂರದೆ ಆಸ್ಪತ್ರೆಗೆ ಓಡು, ನಿನ್ನ ಅವಸರ ಎಲ್ಲ ಅಲ್ಲಿಗಿರಲಿ. ಈಗ ಎದ್ದು ಸ್ಕ್ರೂಡ್ರೈವರ್ ತಗೊಂಡು ಬಾ, ಮುಚ್ಚಳದ ಸ್ಕ್ರೂ ಬಿಗಿಯಾಗಿದೆಯಾ ನೋಡೋಣ.