ಮೊದಲು ಮೇಣ, ಆಮೇಲೆ ನೀರು: ಪುಟ್ಟ ಮಕ್ಕಳ ಮಿಶ್ರ ಮಾಧ್ಯಮ ಚಿತ್ರ

ಕ್ರೆಯಾನ್, ನೀರಿನ ಬಣ್ಣ, ಸ್ಕೆಚ್ ಪೆನ್, ಅಂಟಿಸಿದ ಕಾಗದ, ಮಣ್ಣು ಒಂದೇ ಹಾಳೆಯ ಮೇಲೆ ಕೂಡಿದರೆ ಅದು ಮಿಶ್ರ ಮಾಧ್ಯಮದ ಚಿತ್ರ. ಹೆಸರು ಭಾರ, ಕೆಲಸ ಹಗುರ. ಪೆನ್ಸಿಲೊಂದನ್ನೇ ಹಿಡಿದ ಮಗು ಗೆರೆ ತಪ್ಪಿದ ಕೂಡಲೇ ರಬ್ಬರ್ ಹುಡುಕುತ್ತದೆ. ಮುಂದೆ ನಾಲ್ಕು ಬಗೆಯ ಸಾಮಾನು ಇದ್ದರೆ ತಪ್ಪಿದ ಕಡೆ ಬಣ್ಣ ಹರಿಸುತ್ತದೆ, ಇಲ್ಲವೇ ಕಾಗದದ ಚೂರು ಅಂಟಿಸಿ ಮುಂದೆ ಸಾಗುತ್ತದೆ. ಕುಂದಗೋಳ ತಾಲ್ಲೂಕಿನ ಗುಡಗೇರಿ ಸೀಮೆಯ ಮನೆಗಳಿಗೆ ಈ ಬೆರಕೆ ಹೊಸದೇನಲ್ಲ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ, ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಎತ್ತು, ಆಷಾಢದ ಮಂಗಳವಾರಗಳಲ್ಲಿ ಕಾಳು ಚುಚ್ಚಿ ಸಿಂಗರಿಸಿದ ಗುಳ್ಳವ್ವ. ಬಣ್ಣ, ಮಣ್ಣು, ಕಾಳು ಮಕ್ಕಳ ಕೈಯಲ್ಲಿ ಮೊದಲಿಂದಲೂ ಕೂಡಿಯೇ ಇವೆ. ಅವನ್ನು ಹಾಳೆಗೆ ತರುವಾಗ ಮುಖ್ಯವಾಗಿ ಕಲಿಸಬೇಕಾದದ್ದು ಯಾವುದರ ನಂತರ ಯಾವುದು ಎಂಬ ಕ್ರಮವನ್ನು.

ಹಾಳೆ ಮತ್ತು ಸಾಮಾನು

ಹೆಚ್ಚಿನ ಚಿತ್ರಗಳು ಕೆಡುವುದು ಹಾಳೆಯಲ್ಲೇ. ನೋಟ್‌ಬುಕ್ಕಿನ ಹಾಳೆ ಚದರ ಮೀಟರಿಗೆ 60 ಗ್ರಾಂ ಆಸುಪಾಸು ತೂಗುತ್ತದೆ. ನೀರು ತಾಗಿದರೆ ಸುರುಟಿ, ಬ್ರಷ್ಷಿನ ಎರಡನೇ ಎಳೆತಕ್ಕೆ ಏಳುತ್ತದೆ. 120ರಿಂದ 150 ಗ್ರಾಂನ ಡ್ರಾಯಿಂಗ್ ಶೀಟ್ ಬೇಕು. ಕೊಳ್ಳಲಾಗದಿದ್ದರೆ ಲಗ್ನಪತ್ರಿಕೆಗಳಿವೆ. ಮದುವೆ ಕಾಲ ಮುಗಿಯುವ ಹೊತ್ತಿಗೆ ಹಳ್ಳಿಯ ಪ್ರತಿ ಮನೆಯಲ್ಲೂ ಗಟ್ಟಿ ಕಾಗದದ ಒಂದು ಕಟ್ಟು ಬಿದ್ದಿರುತ್ತದೆ. ನುಣುಪು ಬದಿ ಬಣ್ಣವನ್ನು ಹೀರುವುದಿಲ್ಲ, ಒರಟು ಬದಿಯನ್ನೇ ಆರಿಸಬೇಕು.

ಮೇಣದ ಕ್ರೆಯಾನ್ ಅಥವಾ ಆಯಿಲ್ ಪೇಸ್ಟಲ್ ಎರಡೂ ನಡೆಯುತ್ತವೆ. ಪೇಸ್ಟಲ್ ಮೆತ್ತಗಿರುವುದರಿಂದ ನಾಲ್ಕೈದು ವರ್ಷದ ಕೈಗೆ ಹೆಚ್ಚು ಅನುಕೂಲ. ಕಡ್ಡಿ ಮುರಿದರೆ ಗದರಬಾರದು: ಮುರಿದ ತುಂಡಿನ ಸುತ್ತಲ ಕಾಗದ ಸುಲಿದು ಅಡ್ಡಕ್ಕೆ ಉಜ್ಜಿದರೆ ಅಗಲದ ಬಣ್ಣ ಬರುತ್ತದೆ. ನೀರಿನ ಬಣ್ಣದಲ್ಲಿ ಕೆಂಪು, ಹಳದಿ, ನೀಲಿ ಮೂರೇ ಸಾಕು. ಹನ್ನೆರಡು ಬಣ್ಣದ ಡಬ್ಬಿ ಕೊಟ್ಟರೆ ಹತ್ತು ನಿಮಿಷದಲ್ಲಿ ಎಲ್ಲವೂ ಕಲಸಿ ಕಂದಾಗುತ್ತದೆ. ಬ್ರಷ್ ಕಡಿಮೆ ಬಿದ್ದರೆ ಬೇವಿನ ಕಡ್ಡಿಯ ತುದಿ ಜಜ್ಜಬಹುದು, ಜೋಳದ ದಂಟಿನ ತುದಿಗೆ ಹತ್ತಿ ಸುತ್ತಬಹುದು. ಇಬ್ಬರಿಗೆ ಎರಡು ಡಬ್ಬಿ ನೀರು ಇಡಬೇಕು, ಒಂದು ಬ್ರಷ್ ತೊಳೆಯಲು, ಇನ್ನೊಂದು ಬಣ್ಣಕ್ಕೆ. ಇದನ್ನು ಮರೆತರೆ ಹಳದಿ ಎಂದೂ ಹಳದಿಯಾಗಿ ಉಳಿಯುವುದಿಲ್ಲ.

ಅಂಟಿಗೆ ಒಂದು ಪಾಲು ಮೈದಾವನ್ನು ನಾಲ್ಕು ಪಾಲು ನೀರಿನಲ್ಲಿ ಗಂಟಿಲ್ಲದಂತೆ ಕದಡಿ ಸಣ್ಣ ಉರಿಯಲ್ಲಿ ಕುದಿಸಿದರೆ ಆಯಿತು. ಬೈಂಡಿಂಗ್ ಮಾಡುವವರು ಹುಳ ಹಿಡಿಯದಿರಲೆಂದು ಇದಕ್ಕೆ ಮೈಲುತುತ್ತ ಸೇರಿಸುವುದುಂಟು. ಅದು ವಿಷ, ಮಕ್ಕಳ ಅಂಟಿಗೆ ಹಾಕಲೇಕೂಡದು. ಎರಡು ದಿನಕ್ಕೆ ಹಳಸುವ ಅಂಟನ್ನು ಚೆಲ್ಲಿ ಹೊಸದು ಮಾಡಿಕೊಂಡರಾಯಿತು.

ಕೆಲಸದ ಕ್ರಮ

ಮೊದಲ ದಿನ ಕ್ರೆಯಾನ್ ಮತ್ತು ನೀರು ಮಾತ್ರ. ಮಗು ಕ್ರೆಯಾನಿನಿಂದ ಬೇಕಾದ್ದನ್ನು ಒತ್ತಿ ಬರೆಯಲಿ. ಹಗುರವಾಗಿ ಎಳೆದ ಗೆರೆಯ ಸಂದುಗಳಲ್ಲಿ ನೀರು ನುಗ್ಗುತ್ತದೆ. ಬಿಳಿ ಕ್ರೆಯಾನ್ ಒಂದಾದರೂ ಇರಲಿ, ಏಕೆಂದರೆ ಆಟದ ಅರ್ಧ ಸೊಗಸು ಅದರಲ್ಲಿದೆ: ಬಿಳಿ ಹಾಳೆಯ ಮೇಲೆ ಬಿಳಿ ಮೇಣದಲ್ಲಿ ಬರೆದದ್ದು ಕಾಣದು, ನೀಲಿ ನೀರು ಹರಿದೊಡನೆ ಎದ್ದು ಬರುತ್ತದೆ. ಮೇಣ ನೀರನ್ನು ಹತ್ತಿರ ಸೇರಿಸದೆ ಇರುವುದೇ ಇದರ ಗುಟ್ಟು. ಎರಡನೇ ಮಹಾಯುದ್ಧದಲ್ಲಿ ಬಾಂಬ್ ದಾಳಿಗೆ ಹೆದರಿ ಲಂಡನ್ನಿನ ಸುರಂಗ ರೈಲು ನಿಲ್ದಾಣಗಳಲ್ಲಿ ಮಲಗಿದ್ದ ಜನರನ್ನು ಶಿಲ್ಪಿ ಹೆನ್ರಿ ಮೂರ್ ಚಿತ್ರಿಸಿದ್ದೂ ಮೇಣದ ಕ್ರೆಯಾನಿನ ಮೇಲೆ ಜಲವರ್ಣ ಹರಿಸಿಯೇ. ಒಂದನೇ ತರಗತಿಯ ಮಗುವಿಗೆ ಈ ಹೆಸರು ಬೇಡ, ಕಲಿಸುವವರಿಗೆ ಗೊತ್ತಿದ್ದರೆ ಸಾಕು.

ಹರಿಸುವ ಬಣ್ಣ ತೆಳ್ಳಗಿರಬೇಕು. ಪೋಸ್ಟರ್ ಬಣ್ಣವನ್ನು ಬಾಟಲಿಯಿಂದ ನೇರ ಬಳಿದರೆ ಅದು ಮೇಣವನ್ನೂ ಮುಚ್ಚುತ್ತದೆ. ಒಂದು ಚಮಚಕ್ಕೆ ನಾಲ್ಕೈದು ಚಮಚ ನೀರು ಸೇರಿಸಬೇಕು. ಮಾರ್ಚ್–ಏಪ್ರಿಲ್‌ನ ಒಣ ಬಿಸಿಲಿನಲ್ಲಿ ಬಣ್ಣ ಎಳೆಯುವಷ್ಟರಲ್ಲೇ ಒಣಗಿ ಪಟ್ಟೆ ಬೀಳುತ್ತದೆ. ಆ ತಿಂಗಳುಗಳಲ್ಲಿ ಮೊದಲು ಹಾಳೆಗೆ ಬರಿ ನೀರು ಸವರುವುದು ಒಳ್ಳೆಯದು. ಒದ್ದೆ ಬಣ್ಣದ ಮೇಲೆ ನಾಲ್ಕು ಹರಳು ಉಪ್ಪು ಚೆಲ್ಲಿದರೆ ಅದು ಬಣ್ಣದ ನೀರನ್ನು ಹೀರಿ ಸುತ್ತ ಚುಕ್ಕಿಗಳ ಹೂವು ಬಿಡಿಸುತ್ತದೆ. ಪೂರ್ತಿ ಒಣಗಿದ ಮೇಲೆ ಉಪ್ಪನ್ನು ಕೈಯಿಂದ ಉದುರಿಸಬೇಕು.

ಅಂದೇ ಮುಗಿಸುವ ಆಸೆ ಬೇಡ. ಎರಡನೇ ದಿನ, ಹಾಳೆ ಗರಿಗರಿ ಒಣಗಿದ ಮೇಲೆ, ಸ್ಕೆಚ್ ಪೆನ್ ಮತ್ತು ಅಂಟು ಹೊರಬರಲಿ. ಸ್ಕೆಚ್ ಪೆನ್ನಿನ ಶಾಯಿ ನೀರಿಗೆ ಕರಗುವಂಥದ್ದು. ಮೊದಲ ದಿನವೇ ಬಳಸಿದ್ದರೆ ಕಣ್ಣು, ಮೂಗು ಎಲ್ಲ ಹರಿದು ಹೋಗುತ್ತಿತ್ತು. ಅಂಟಿಸುವುದು ಕಟ್ಟಕಡೆಗೆ. ಹಾಳೆಯನ್ನು ಬೇವಿನೆಲೆ, ಮರ, ಜರಡಿಯ ಮೇಲಿಟ್ಟು ಕ್ರೆಯಾನನ್ನು ಅಡ್ಡಕ್ಕೆ ಉಜ್ಜಿದರೆ ಅವುಗಳ ಅಚ್ಚು ಮೂಡುತ್ತದೆ. ಅಂಥ ಹಾಳೆಯನ್ನು ಹರಿದು ಅಂಟಿಸಿದರೆ ಮನೆಯ ಮಾಳಿಗೆ, ಎತ್ತಿನ ಮೈ, ಅವ್ವನ ಸೀರೆ ಏನು ಬೇಕಾದರೂ ಆಗುತ್ತದೆ. ಈ ವಯಸ್ಸಿಗೆ ಕತ್ತರಿಗಿಂತ ಕೈಯಿಂದ ಹರಿಯುವುದೇ ಚೆಂದ.

ಒಂದರಿಂದ ಮೂರನೇ ತರಗತಿ ಒಟ್ಟಿಗೆ ಕೂರುವ ನಲಿಕಲಿ ಕೋಣೆಗೆ ಈ ಪದ್ಧತಿ ಹೊಂದುತ್ತದೆ. ಸಣ್ಣವರು ನೀರು ಹರಿಸುತ್ತಿರುವಾಗ ದೊಡ್ಡವರು ಹಿಂದಿನ ದಿನದ ಹಾಳೆಗೆ ಪೆನ್ ಹಿಡಿಯಬಹುದು.

ಏನು ಬರೆಸಬೇಕು

ಗುಡಗೇರಿಯ ಸುತ್ತ ಕಣ್ಣು ಹಾಯುವವರೆಗೂ ಎರೆಭೂಮಿಯ ಬಯಲು. ಆದರೂ ‘ಚಿತ್ರ ಬರಿ’ ಎಂದ ಕೂಡಲೇ ಇಲ್ಲಿಯ ಮಗುವೂ ಎರಡು ತ್ರಿಕೋನದ ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಬದಿಗೆ ತೆಂಗಿನ ಮರ ಬರೆಯುವುದಿದೆ. ಅದು ಬೋರ್ಡಿನಿಂದ ಇಳಿದದ್ದು, ಕಣ್ಣಿನಿಂದಲ್ಲ. ಆದ್ದರಿಂದ ವಿಷಯ ಕೊಡುವಾಗ ‘ಊರು’ ಎಂದು ಹೇಳದೆ ‘ಸ್ಟೇಶನ್ನಿನಲ್ಲಿ ರೈಲು ನಿಂತಾಗ ಯಾರು ಇಳಿದರು’, ‘ಹತ್ತಿ ಬಿಡಿಸುವಾಗ ಅವ್ವನ ಉಡಿಯಲ್ಲಿ ಏನಿತ್ತು’ ಎಂದು ಕೇಳಬೇಕು. ರೈಲಿಗೆ ಉದ್ದದ ಪಟ್ಟಿ ಹಾಳೆ, ಹತ್ತಿಗೆ ಹೊಲದ ಹತ್ತಿಯನ್ನೇ ಅಂಟಿಸುವುದು. ಕಲಿಸುವವರು ವಿಧಾನವನ್ನು ಬೇರೆ ಚೂರು ಕಾಗದದಲ್ಲಿ ತೋರಿಸಿ ಅದನ್ನು ಎತ್ತಿಡಬೇಕು. ಕಣ್ಣೆದುರಿಗಿದ್ದರೆ ನಲವತ್ತು ಮಕ್ಕಳೂ ಅದನ್ನೇ ನಕಲು ಮಾಡುತ್ತಾರೆ. ಮಗುವಿನ ಹಾಳೆಯ ಮೇಲೆ ದೊಡ್ಡವರ ಗೆರೆ ಒಂದೂ ಬೀಳಬಾರದು.

ನಾಲ್ಕು ವರ್ಷದ ಸುಮಾರಿಗೆ ತಲೆಯಿಂದಲೇ ಕಾಲು ಹೊರಟ ಮನುಷ್ಯ, ಏಳರ ಸುಮಾರಿಗೆ ಗೋಡೆಯೊಳಗಿನ ಒಲೆಯೂ ಕಾಣುವ ಮನೆ ಬರುವುದು ಸಹಜ. ವಿಕ್ಟರ್ ಲೋವೆನ್‌ಫೆಲ್ಡ್ 1947ರ ತಮ್ಮ ಪುಸ್ತಕದಲ್ಲಿ ಇಂಥ ಬದಲಾವಣೆಗಳನ್ನು ಬೆಳವಣಿಗೆಯ ಹಂತಗಳೆಂದು ವಿಂಗಡಿಸಿದರು. ತಿದ್ದುವ ಬದಲು ‘ಇದರ ಕತೆ ಹೇಳು’ ಎಂದರೆ ಸಾಕು.

ಮನೆಯ ಬಣ್ಣ, ಮನೆಯ ಅಪಾಯ

ಎರೆಮಣ್ಣನ್ನು ಒಣಗಿಸಿ, ಪುಡಿ ಮಾಡಿ, ಬಟ್ಟೆಯಲ್ಲಿ ಸೋಸಿ, ನೀರು ಮತ್ತು ಸ್ವಲ್ಪ ಅಂಟು ಕಲಸಿದರೆ ಒಳ್ಳೆಯ ಕಪ್ಪು-ಕಂದು ಸಿಗುತ್ತದೆ. ದಪ್ಪ ಬಳಿದರೆ ಬಿರಿಯುತ್ತದೆ: ನೀರು ಕುಡಿದು ಉಬ್ಬಿ, ಒಣಗಿದಾಗ ಕುಗ್ಗುವುದು ಆ ಮಣ್ಣಿನ ಗುಣ, ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದೂ ಅದಕ್ಕೇ. ತೆಳ್ಳಗೆ ಎರಡು ಸಲ ಬಳಿಯಬೇಕು. ಬೇಸಿಗೆ ಹೊಲವನ್ನೇ ಬರೆಯುವ ಮಗುವಿಗಾದರೆ ಒಮ್ಮೆ ದಪ್ಪ ಬಳಿದು ಬಿರಿಯಲು ಬಿಡಬಹುದು. ಅರಿಷಿಣದ ನೀರು ಹಳದಿ ಕೊಡುತ್ತದೆ. ಅದರ ಮೇಲೆ ಅಡುಗೆ ಸೋಡಾದ ನೀರಿನಿಂದ ಗೆರೆ ಎಳೆದರೆ ಅಲ್ಲಿ ಕೆಂಗಂದು ಮೂಡುತ್ತದೆ. ಹೆಚ್ಚು ಕೆಂಪಾಗಲೆಂದು ಸುಣ್ಣ ಕೊಡುವುದು ಬೇಡ. ಅದು ಚರ್ಮ, ಕಣ್ಣು ಸುಡುತ್ತದೆ. ಗುಳ್ಳವ್ವನಿಗೆ ಹಚ್ಚುವ ಗುಲಗಂಜಿ ಚೆಂದವೇ ಆದರೂ ಅದರ ಬೀಜ ವಿಷ, ತರಗತಿಗೆ ಬೇಡ. ಖಾರದ ಪುಡಿಯೂ ಬೇಡ, ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಎಷ್ಟೇ ಆಸೆ ಹುಟ್ಟಿಸಿದರೂ. ಬಣ್ಣದ ರಂಗೋಲಿ ಪುಡಿ ಹಾರಿ ಮೂಗಿಗೆ ಹೋಗುತ್ತದೆ. ಅಂಗನವಾಡಿಯ ಮಕ್ಕಳಿಗೆ ಕಾಳು ಕೊಟ್ಟರೆ ಮೂಗು, ಕಿವಿಯ ಮೇಲೆ ಕಣ್ಣಿರಲಿ.

ಹಾಳೆಗಳನ್ನು ನೆರಳಲ್ಲಿ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಬೇಕು, ಮಣ್ಣು ಬಳಿದದ್ದನ್ನು ಮಾತ್ರ ನೆಲದ ಮೇಲೆ ಮಲಗಿಸಬೇಕು. ಹಿಂಬದಿಯಲ್ಲಿ ಹೆಸರು, ತಾರೀಖು, ಮಗು ಹೇಳಿದ ಒಂದು ಮಾತು ಬರೆದಿಟ್ಟರೆ ವರ್ಷದ ಕೊನೆಗೆ ಪಾಲಕರಿಗೆ ತೋರಿಸಲು ಅಂಕಪಟ್ಟಿಗಿಂತ ಹೆಚ್ಚಿನ ವಿವರ ಸಿಗುತ್ತದೆ. ಗೋಡೆಗೆ ಹಚ್ಚುವಾಗ ಮಕ್ಕಳ ಕಣ್ಣಿನ ಎತ್ತರಕ್ಕೆ ಹಚ್ಚಬೇಕು. ಅರಿಷಿಣ ಬಿಸಿಲಿಗೆ ಬೇಗ ಮಾಸುವುದರಿಂದ ಕಿಟಕಿಯ ಎದುರು ಬೇಡ. ಆಯಿಲ್ ಪೇಸ್ಟಲ್ ಎಂದೂ ಪೂರ್ತಿ ಒಣಗುವುದಿಲ್ಲ, ಒಂದರ ಮೇಲೊಂದು ಪೇರಿಸುವಾಗ ನಡುವೆ ಒಂದೊಂದು ಹಳೆಯ ಪತ್ರಿಕೆ ಇರಬೇಕು. ಮೈದಾ ಅಂಟಿಗೆ ಜಿರಳೆ ಬರುತ್ತದೆ, ಆ ಕಟ್ಟನ್ನು ಮುಚ್ಚಳವಿರುವ ಟ್ರಂಕಿನಲ್ಲಿ ಒಣ ಬೇವಿನ ಸೊಪ್ಪಿನ ಜೊತೆ ಇಡುವುದು ವಾಸಿ.